ನಡೆಯುವವರಿಗಿಂತ ನಿಧಾನವಾಗಿ ಓಡಿ ಹದಿಮೂರು ಕೆಜಿ ಇಳಿಸಿದ್ದು

ಮೂರು ವರ್ಷದ ಹಿಂದೆ ನಾನು 89 ಕೆಜಿ ಇದ್ದೆ, ಈಗ 76. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 6.2 ಇದ್ದದ್ದು 5.6ಕ್ಕೆ ಇಳಿದಿದೆ, ಒಂದು ಮಾತ್ರೆಯನ್ನೂ ನುಂಗಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಆಗ ನನ್ನನ್ನು ಹಿಂದೆ ಹಾಕಿ ನಡೆದುಹೋಗುತ್ತಿದ್ದವರೇ ಈಗ "ಅದೇನ್ ಮಾಡಿದ್ರಿ, ಒಂದ್ಸಲ ಬರೆದು ಕೊಡಿ ಸಾರ್" ಅಂತ ಬೆನ್ನು ಬಿದ್ದಿದ್ದಾರೆ. ವಾರ್ಮಪ್ ಹೇಗೆ, ಯಾವ ಆ್ಯಪ್ ಹಾಕಿಕೊಳ್ಳಬೇಕು, ನೀರು ಯಾವಾಗ ಕುಡಿಯಬೇಕು ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ, ಅದಕ್ಕೆ ಕೈ ಹಾಕುವುದಿಲ್ಲ. ಏನು ಕೈಕೊಟ್ಟಿತು, ಎಷ್ಟು ದುಡ್ಡು ಹೋಯಿತು, ಕೊನೆಗೆ ಯಾವುದು ಹಿಡಿಯಿತು ಅನ್ನುವುದನ್ನು ನೆನಪಿದ್ದಷ್ಟು ಹೇಳುತ್ತೇನೆ.

ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರದ ಕೆಲಸ. ಮದುವೆ ಸೀಸನ್ನಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಕೂತರೆ ರಾತ್ರಿ ಹನ್ನೊಂದರವರೆಗೂ ಪ್ರೂಫ್ ತಿದ್ದುವುದೇ ಆಗುತ್ತದೆ. ನಾಲ್ಕೈದು ವರ್ಷ ವಾಕಿಂಗ್ ಮಾಡಿದ್ದೆ. ತೂಕ ಅಲ್ಲಾಡಲಿಲ್ಲ. ಸಕ್ಕರೆ ಮಾತ್ರ ವರ್ಷವರ್ಷಕ್ಕೂ ಮೆಲ್ಲಗೆ ಏರುತ್ತಿತ್ತು. ಓಡಲೇಬೇಕು ಅಂತ ನಿರ್ಧಾರ ಮಾಡಿದ್ದು ಆಗ.

ಮೊದಲು ಹಿಡಿದದ್ದು ಒಂಬತ್ತು ವಾರದಲ್ಲಿ ಐದು ಕಿಲೋಮೀಟರ್ ಓಡಿಸುವ ಆ ಪ್ರಸಿದ್ಧ ಫೋನ್ ಪ್ಲಾನು, ಕೌಚ್ ಟು 5ಕೆ. ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆಯಿಂದ ಶುರುವಾಗುತ್ತದಲ್ಲ, ಅದೇ. ಅದರಲ್ಲಿ ಎಷ್ಟು ಹೊತ್ತು ಓಡಬೇಕು ಅಂತ ಇದೆ. ಎಷ್ಟು ನಿಧಾನ ಓಡಬೇಕು ಅನ್ನುವುದನ್ನು ಫೋನು ಹೇಳುವುದಿಲ್ಲ. ಒಂದೇ ನಿಮಿಷ ತಾನೆ ಅಂತ ಎಲ್ಲರೂ ಬಸ್ಸು ಹಿಡಿಯುವವರ ಹಾಗೆ ಓಡುತ್ತಾರೆ. ಐದನೇ ವಾರದ ಕೊನೆಗೆ ಅದು ಇದ್ದಕ್ಕಿದ್ದಂತೆ ಇಪ್ಪತ್ತು ನಿಮಿಷ ನಿಲ್ಲದೆ ಓಡಿ ಅನ್ನುತ್ತದೆ. ನನಗೆ ಅಷ್ಟರೊಳಗೇ ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯುದ್ದಕ್ಕೂ ನೋವು ಹಿಡಿದಿತ್ತು. ಬೆರಳಿಟ್ಟು ಒತ್ತಿದರೆ ಜೀವ ಹೋಗುವಂಥ ನೋವು. ಫಿಸಿಯೋ ಹತ್ತಿರ ಏಳೆಂಟು ಸಿಟ್ಟಿಂಗ್, ಒಂದಕ್ಕೆ ನಾನೂರೈವತ್ತೋ ಐನೂರೋ. ಜೊತೆಗೆ ಒಂಬತ್ತು ಸಾವಿರದ ಶೂ. ಅಂಗಡಿಯವನು ಮೆಷಿನ್ ಮೇಲೆ ನಿಲ್ಲಿಸಿ ಪಾದದ ಚಿತ್ರ ತೆಗೆದು ಕೊಟ್ಟಿದ್ದ ಶೂ ಅದು. ಎರಡು ತಿಂಗಳಲ್ಲಿ ಹೆಬ್ಬೆರಳ ಉಗುರು ಕಪ್ಪಾಗಿ ಕಳಚಿಬಿತ್ತು.

ಎರಡನೇ ಸಲ ಒಂದು ಗ್ರೌಂಡಿನಲ್ಲಿ ಕೋಚಿಂಗ್ ಗುಂಪು ಸೇರಿದೆ. ಮೂರು ತಿಂಗಳಿಗೆ ಆರು ಸಾವಿರ. ಪೊಲೀಸ್ ಪರೀಕ್ಷೆಗೆ ತಯಾರಾಗುವ ಹುಡುಗರಿಗೂ ನಲವತ್ತು ದಾಟಿದ ನಮಗೂ ಅಲ್ಲಿ ಒಂದೇ ಪಾಠ: ನಾನೂರು ಮೀಟರ್ ಜೋರಾಗಿ, ಆಮೇಲೆ ನಿಂತು ಉಸಿರು, ಮತ್ತೆ ನಾನೂರು. ತಿಂಗಳೊಳಗೆ ಬಲಮೊಣಕಾಲು ಮೆಟ್ಟಿಲಿಳಿಯಲು ಬಿಡಲಿಲ್ಲ. ಉಳಿದ ದುಡ್ಡು ವಾಪಸ್ ಬರಲಿಲ್ಲ. ಶೂ, ಫಿಸಿಯೋ, ಕೋಚಿಂಗು, ಒಂದು ಸ್ಮಾರ್ಟ್ ವಾಚು ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಹತ್ತಿರ ಹೋಗಿತ್ತು, ತೂಕ ಅಲ್ಲೇ ಇತ್ತು.

ಅಷ್ಟರಲ್ಲಿ 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಜಯದೇವ ಆಸ್ಪತ್ರೆ ಮುಂದೆ ಎದೆ ಪರೀಕ್ಷೆಗೆ ಜನ ಸಾಲುಗಟ್ಟಿದ್ದು ನಿಮಗೆಲ್ಲ ನೆನಪಿರಬಹುದು. ನಮ್ಮ ಮನೆಯಲ್ಲಿ ಓಟದ ಹೆಸರೆತ್ತುವ ಹಾಗೇ ಇರಲಿಲ್ಲ. ಅಮ್ಮ ಅಂತೂ "ನಿನ್ ಕೈಮುಗೀತೀನಿ ಕಣೋ, ಓಡ್ಬೇಡ, ನಡಿ ಸಾಕು" ಅಂದುಬಿಟ್ಟರು. ಆಮೇಲೆ 2025ರಲ್ಲಿ ಹಾಸನದಲ್ಲಿ ಸಾಲುಸಾಲು ಹೃದಯಾಘಾತದ ಸುದ್ದಿಗಳು ಬಂದಾಗ ಹೆಂಡತಿ "ರೀ, ಇನ್ನಾದ್ರೂ ನಿಲ್ಸಿ" ಅಂತ ಮತ್ತೆ ಅದೇ ಮಾತು ತೆಗೆದಳು. ಅವರ ಭಯ ಸುಳ್ಳಲ್ಲ. ನಲವತ್ತು ದಾಟಿದವರು ಇಸಿಜಿ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸದೆ ಓಟಕ್ಕೆ ಇಳಿಯಲೇಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮತ್ತೆ ಓಟಕ್ಕೆ ಇಳಿಯುವ ಮೊದಲು ನಾನು ಮಾಡಿಸಿದಾಗ ಸಾವಿರದೈನೂರರೊಳಗೆ ಮುಗಿಯಿತು. ರಿಪೋರ್ಟ್ ನೋಡಿದ ಡಾಕ್ಟರು ಹೇಳಿದ್ದು ಒಂದೇ ಮಾತು: "ಓಡಿ. ಆದ್ರೆ ಓಡ್ತಾ ಓಡ್ತಾ ನನ್ ಜೊತೆ ಫೋನಲ್ಲಿ ಮಾತಾಡೋ ಹಾಗಿರ್ಬೇಕು."

ಆ ಮಾತು ಹಿಡಿದು ಓದುತ್ತ ಹೋದೆ. ನ್ಯೂಜಿಲೆಂಡಿನ ಓಟದ ಕೋಚ್ ಆರ್ಥರ್ ಲಿಡಿಯಾರ್ಡ್ 1960ರ ದಶಕದಲ್ಲಿ ನಡುವಯಸ್ಸಿನವರನ್ನು, ಹೃದಯದ ತೊಂದರೆ ಇದ್ದವರನ್ನೂ, ಮಾತಾಡುತ್ತಲೇ ಓಡಿಸುತ್ತಿದ್ದರಂತೆ. ಜಪಾನಿನ ಫುಕುವೊಕಾ ವಿಶ್ವವಿದ್ಯಾಲಯದ ಹಿರೋಆಕಿ ತನಾಕಾ ಇನ್ನೂ ಮುಂದೆ ಹೋಗಿ, ಮುಗುಳ್ನಗುತ್ತ ಓಡಬಲ್ಲಷ್ಟೇ ವೇಗ ಸಾಕು, ಅದು ನಡಿಗೆಯ ವೇಗವೇ ಆದರೂ ಸರಿ ಅಂದರು. ಅಮೆರಿಕದ ಜೆಫ್ ಗ್ಯಾಲೋವೆ, 1972ರ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಡಿದವರು, ಹೊಸಬರಿಗೆ ದಣಿಯುವ ಮೊದಲೇ ನಡೆಯಿರಿ ಅಂತ ಕಲಿಸಿದರು. ಈ ಮೂರನ್ನೂ ಕಲಸಿ ನನ್ನದೊಂದು ಮಾಡಿಕೊಂಡೆ.

ಕೆರೆ ಸುತ್ತ ಒಂದು ಸುತ್ತು ಸುಮಾರು ನಾಲ್ಕೂವರೆ ಕಿಲೋಮೀಟರ್. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಕೆರೆ, ಮಣ್ಣಿನ ದಾರಿ, ಮೇಲೆ ಮರದ ನೆರಳು. ಡಾಂಬರು ರಸ್ತೆಗಿಂತ ಕಾಲಿಗೆ ಎಷ್ಟೋ ಹಿತ. ಒಂದು ಕಲ್ಲುಬೆಂಚಿನಿಂದ ಇನ್ನೊಂದಕ್ಕೆ ಓಟ, ಅಲ್ಲಿಂದ ಮುಂದಿನದಕ್ಕೆ ನಡಿಗೆ. ಹೆಜ್ಜೆ ಎಷ್ಟು ಸಣ್ಣದು ಅಂದರೆ ಮುಂದಿಟ್ಟ ಕಾಲಿನ ಹಿಮ್ಮಡಿ ಹಿಂದಿನ ಕಾಲಿನ ಬೆರಳನ್ನು ದಾಟಿತೋ ಇಲ್ಲವೋ ಅನ್ನುವಷ್ಟು. ಶುರುವಿಗೆ ಒಂದು ಕಿಲೋಮೀಟರಿಗೆ ಹನ್ನೊಂದು ನಿಮಿಷ. ಚುರುಕಾಗಿ ನಡೆಯುವವರು ಹತ್ತೇ ನಿಮಿಷದಲ್ಲಿ ಮುಗಿಸುತ್ತಾರೆ. ರಿಟೈರಾದ ಮೇಷ್ಟರೊಬ್ಬರು ದಿನಾ ದಾಟಿಕೊಂಡು ಹೋಗುತ್ತ "ಓಡೋದು ಅಂದ್ರೆ ಇದೇನಪ್ಪಾ? ನನ್ ಜೊತೆ ನಡ್ಕೊಂಡ್ ಬಾ, ಬೇಗ ಮುಗಿಯುತ್ತೆ" ಅನ್ನುತ್ತಿದ್ದರು. ನಾನು ವೇಗ ಹೆಚ್ಚಿಸಲಿಲ್ಲ. ಇಡೀ ವಿದ್ಯೆಯಲ್ಲಿ ಕಷ್ಟದ ಭಾಗ ಅದೇ, ಕಾಲು ಕೇಳುತ್ತದೆ, ಹಿಂದಿನಿಂದ ಬರುವವರ ಹೆಜ್ಜೆ ಸದ್ದು ತಳ್ಳುತ್ತದೆ, ಆದರೂ ತಡೆದುಕೊಳ್ಳಬೇಕು.

ವೇಗ ಸರಿಯಿದೆಯೋ ಇಲ್ಲವೋ ನೋಡಲು ನನ್ನ ಅಳತೆಗೋಲು ಹದಿನಾರರ ಮಗ್ಗಿ. ಬಾಯಿಬಿಟ್ಟು ಹೇಳಬೇಕು. "ಹದಿನಾರೇಳ್ಲ ನೂರಹನ್ನೆರಡು" ಒಂದೇ ಉಸಿರಿನಲ್ಲಿ ಸಲೀಸಾಗಿ ಬಂದರೆ ಸರಿ. "ಹದಿನಾರೇಳ್ಲ" ಅಂದು ಉಸಿರು ಎಳೆದುಕೊಂಡು "ನೂರಹನ್ನೆರಡು" ಅಂದರೆ ಜೋರಾಯಿತು, ತಕ್ಷಣ ನಡೆಯಬೇಕು. ಹಾಡು ಹೇಳಿ ನೋಡಿದೆ, ರಾಗದ ಜೊತೆ ಕಾಲೂ ಓಡುತ್ತದೆ. ಎರಡರ ಮಗ್ಗಿ ನಾಲಿಗೆ ಮೇಲೇ ಇರುವುದರಿಂದ ಪರೀಕ್ಷೆಯೇ ಆಗುವುದಿಲ್ಲ. ಹದಿನಾರರದ್ದಕ್ಕೆ ಸ್ವಲ್ಪ ಲಕ್ಷ್ಯ ಬೇಕು. ಲೆಕ್ಕ ತಪ್ಪಲು ಶುರುವಾದರೆ ಮೈ ದಣಿದಿದೆ ಅಂತಲೂ ತಿಳಿಯುತ್ತದೆ.

ಇನ್ನೊಂದು, ಕಿವಿ. ಮಣ್ಣಿನ ದಾರಿಯಲ್ಲಿ ನಿಮ್ಮ ಹೆಜ್ಜೆ "ಚರಕ್ ಚರಕ್" ಅಂತ ಕೆರೆಯುತ್ತಿದ್ದರೆ ಹಿಮ್ಮಡಿ ಮುಂದಕ್ಕೆ ಹೋಗಿ ಬ್ರೇಕ್ ಹಾಕುತ್ತಿದೆ ಅಂತ ಅರ್ಥ, ಆ ಏಟೆಲ್ಲ ಮುಂಭಾಗದ ಮೂಳೆಗೆ. ಕಾಲು ಸೊಂಟದ ನೇರಕ್ಕೆ ಬಿದ್ದರೆ ಸದ್ದು ಮೆತ್ತಗೆ "ತಪ್ ತಪ್" ಅನ್ನುತ್ತದೆ. ಫೋನಿನಲ್ಲಿ ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮ್ ಇಟ್ಟುಕೊಂಡು ನಿಮಿಷಕ್ಕೆ 180 ಹೆಜ್ಜೆ ಪ್ರಯತ್ನಿಸಿದೆ, ಒಂದೇ ವಾರ, ತಲೆ ಚಿಟ್ಟು ಹಿಡಿಯಿತು. ಈಗ ಹದಿನೈದು ಸೆಕೆಂಡಿಗೆ ನಲವತ್ತೆರಡು, ನಲವತ್ಮೂರು ಹೆಜ್ಜೆ ಬಿದ್ದರೆ ಸಾಕು ಅಂತ ಬಿಟ್ಟಿದ್ದೇನೆ.

ವಾಚ್ ವಿಷಯ ಹೇಳಲೇಬೇಕು, ತುಂಬ ಜನ ಇದರಲ್ಲಿ ಸಿಕ್ಕಿಬೀಳುತ್ತಾರೆ. ಹೃದಯ ಬಡಿತಕ್ಕೆ ನಾನು ಇಟ್ಟುಕೊಂಡ ಮಿತಿ 180ರಲ್ಲಿ ವಯಸ್ಸು ಕಳೆಯುವ ಲೆಕ್ಕ, ಅಮೆರಿಕದ ಕೋಚ್ ಫಿಲ್ ಮ್ಯಾಫೆಟೋನ್ ಹೇಳಿದ್ದು. ನನಗಾಗ 45, ಅಂದರೆ 135. ಇಷ್ಟು ಮೆಲ್ಲಗೆ ಓಡಿದರೂ ವಾಚ್ 170 ತೋರಿಸುತ್ತಿತ್ತು. ಎದೆ ಧಸಕ್ಕೆಂದಿತು. ನಿಂತು ಕತ್ತಿನ ಪಕ್ಕ ಎರಡು ಬೆರಳಿಟ್ಟು ಎಣಿಸಿದರೆ ಹದಿನೈದು ಸೆಕೆಂಡಿಗೆ ಮೂವತ್ಮೂರು, ಅಂದರೆ ಸುಮಾರು 132. ಮಣಿಕಟ್ಟಿನ ಹಸಿರು ದೀಪದ ವಾಚುಗಳು ಎಷ್ಟೋ ಸಲ ಬಡಿತ ಬಿಟ್ಟು ಹೆಜ್ಜೆ ಎಣಿಸುತ್ತವೆ. ಪಟ್ಟಿ ಸಡಿಲವಿದ್ದರೆ, ಚಳಿ ಇದ್ದರೆ ಇನ್ನೂ ಜಾಸ್ತಿ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ ಬಿಗಿಯಾಗಿ ಕಟ್ಟಿದ ಮೇಲೆ ಸ್ವಲ್ಪ ಸರಿಹೋಯಿತು. ಆದರೂ ನಂಬುವುದು ಬೆರಳನ್ನೇ, ಮಗ್ಗಿಯನ್ನೇ.

ಮೂರು ತಿಂಗಳಿಗೆ ಪೂರ್ತಿ ಸುತ್ತು ನಡಿಗೆಯಿಲ್ಲದೆ ಬಂತು. ಆರೇಳು ತಿಂಗಳಿಗೆ ಅದೇ ಬಡಿತದಲ್ಲಿ ಕಿಲೋಮೀಟರಿಗೆ ಒಂಬತ್ತು ನಿಮಿಷ. ಈಗ ಏಳೂವರೆ, ಮಗ್ಗಿ ಆಗಿನಷ್ಟೇ ಸಲೀಸು. ವಾರಕ್ಕೆ ಐದು ದಿನ, ದಿನಕ್ಕೊಂದು ಸುತ್ತು, ಭಾನುವಾರ ಒಂದೂವರೆಯೋ ಎರಡೋ.

ತೂಕ ಮಾತ್ರ ಮೊದಲ ನಾಲ್ಕು ತಿಂಗಳು ಇಳಿಯಲಿಲ್ಲ. ಓಟದ ಕ್ಯಾಲೊರಿ ಲೆಕ್ಕ ಸರಳ: ಕಿಲೋಮೀಟರಿಗೆ ಮೈತೂಕದ ಒಂದೊಂದು ಕೆಜಿಗೂ ಒಂದು ಕ್ಯಾಲೊರಿ. ನನ್ನ ಒಂದು ಸುತ್ತು ನಾನೂರರ ಹತ್ತಿರ. ನಮ್ಮ ಗುಂಪು ಕೆರೆಯಿಂದ ನೇರ ಹೋಗುವುದು ಹೋಟೆಲಿಗೆ. ಬೆಣ್ಣೆ ಹಾಕಿದ ಮಸಾಲೆ ದೋಸೆ, ಒಂದು ಕಾಫಿ, ಅಲ್ಲಿಗೆ ಸುತ್ತಿನ ಲೆಕ್ಕ ಚುಕ್ತಾ. ಗುಂಪಿನ ದೋಸೆಯನ್ನು ಭಾನುವಾರಕ್ಕೆ ಮುಂದೂಡಿ, ಉಳಿದ ದಿನ ಎರಡು ಮೊಟ್ಟೆ, ಹೆಸರುಕಾಳು ಉಸಲಿ ಮಾಡಿಕೊಂಡೆ. ರಾತ್ರಿ ಅನ್ನ ಅರ್ಧಕ್ಕೆ ಇಳಿಯಿತು. ತಿಂಗಳಿಗೆ ಒಂದು ಕೆಜಿಯಂತೆ ಜಾರತೊಡಗಿದ್ದು ಅಲ್ಲಿಂದ. ಹುರುಳಿಕಾಳಿನ ಸಾರು ಕುಡಿದರೆ ಕೊಬ್ಬು ಕರಗುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಎರಡು ತಿಂಗಳು ಅದನ್ನೂ ಮಾಡಿದೆ. ಸಾರು ರುಚಿ, ತೂಕದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಬರಿಗಾಲಿನ ಪ್ರಯೋಗವನ್ನೂ ಮಾಡಿದ್ದೇನೆ. ಸುತ್ತಿನ ಕೊನೆಯ ನೂರಿನ್ನೂರು ಮೀಟರ್ ಶೂ ಕೈಯಲ್ಲಿ ಹಿಡಿದು ಓಡಿದರೆ ಹೆಜ್ಜೆ ತಾನಾಗಿ ಸಣ್ಣದಾಗುತ್ತದೆ, ಹಿಮ್ಮಡಿ ಕುಟ್ಟುವುದು ನಿಲ್ಲುತ್ತದೆ. ಪಾಠಕ್ಕೆ ಅಷ್ಟು ಸಾಕು. ಇಡೀ ಸುತ್ತು ಹೋದ ಗೆಳೆಯನಿಗೆ ಮೀನಖಂಡ ಹಿಡಿದು ವಾರ ಮನೆಯಲ್ಲಿ ಕೂರಬೇಕಾಯಿತು.

ಶೂ ಈಗ ಎರಡು ಸಾವಿರದ ಆಸುಪಾಸಿನದ್ದು. ವರ್ಷಗಟ್ಟಲೆ ಚಪ್ಪಲಿ ಹಾಕಿದ ನಮ್ಮ ಪಾದ ಮುಂದೆ ಅಗಲವಾಗಿ ಹರಡಿಕೊಂಡಿರುತ್ತದೆ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಓಡುವ ಕಾಲುಚೀಲ ಹಾಕಿಕೊಂಡೇ ಹೋಗಿ ಅರ್ಧ ಸೈಜ್ ದೊಡ್ಡದು, ಮುಂದೆ ಅಗಲ ಇರುವುದು ತೆಗೆದುಕೊಳ್ಳುತ್ತೇನೆ. ಒಂದೊಂದು ಜೊತೆ ಏಳೆಂಟುನೂರು ಕಿಲೋಮೀಟರ್ ಬಾಳುತ್ತದೆ. ನಾಲ್ಕನೇ ಜೊತೆ ಈಗ ಕಾಲಲ್ಲಿದೆ. ಟಿಎಂಟಿ ಸೇರಿಸಿದರೂ ಮೂರು ವರ್ಷದ ಖರ್ಚು ಹತ್ತು ಸಾವಿರದ ಆಚೀಚೆ.

ಮುಂಭಾಗದ ಮೂಳೆನೋವು ಮತ್ತೆ ಬಾರದ ಹಾಗೆ ಕಾದದ್ದು ಪ್ರೆಸ್ಸಿನ ಮೆಟ್ಟಿಲು. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಇಟ್ಟು, ಹಿಮ್ಮಡಿ ಮೆಲ್ಲಗೆ ಕೆಳಕ್ಕಿಳಿಸಿ ಮತ್ತೆ ಮೇಲಕ್ಕೆ. ಮೊದಲು ಬರಿಗೈಲಿ, ಆಮೇಲೆ ಎರಡು ಕೈಗೂ ಒಂದೊಂದು ಎ4 ರೀಮ್. ಒಂದು ರೀಮ್ ಎರಡೂವರೆ ಕೆಜಿ ತೂಗುತ್ತದೆ, ಜಿಮ್ಮಿನ ಡಂಬೆಲ್ ಯಾಕೆ ಬೇಕು? ಇದಲ್ಲದೆ ಪಾದದ ಕಮಾನಿಗೆ ಒಂದು ಕಸರತ್ತಿದೆ, ನನ್ನ ಮೊಣಕಾಲು ಉಳಿಸಿದ್ದು ಅದೇ ಅಂತ ನನ್ನ ನಂಬಿಕೆ. ಅದನ್ನು ಬರೆದು ತಿಳಿಸಲು ಹೋದರೆ ತಪ್ಪಾಗಿ ಮಾಡಿಕೊಳ್ಳುತ್ತೀರಿ, ಹಾಗಾಗಿ ಇಲ್ಲಿ ಹೇಳುವುದಿಲ್ಲ. ಓಡುವ ಮೊದಲು ಕುಡಿಯುವ ಅರ್ಧ ಲೋಟದ ಪಾಕವೂ ನನ್ನಲ್ಲೇ ಇರಲಿ. ರಾಗಿ ಇದೆ ಅಂತಷ್ಟೇ ಹೇಳುತ್ತೇನೆ.

ಓಡಿದರೆ ಮೊಣಕಾಲು ಸವೆದುಹೋಗುತ್ತದೆ ಅನ್ನುವವರಿಗೆ ನನ್ನ ಮೊಣಕಾಲೇ ಉತ್ತರ. ವರ್ಷ ಒಪ್ಪತ್ತಾದ ಮೇಲೆ ಬೆಂಗಳೂರಿನ ವರ್ಲ್ಡ್ 10ಕೆಗೆ ಹೆಸರು ಕೊಟ್ಟೆ, 2008ರಿಂದ ನಡೆಯುತ್ತಿರುವ ಓಟ. ಮೊದಲ ಎರಡು ಕಿಲೋಮೀಟರ್ ಇಡೀ ಜನಸಾಗರ ನನ್ನನ್ನು ದಾಟಿ ಹೋಯಿತು. ನಾನು ಮಗ್ಗಿ ಹೇಳುತ್ತ ಸಾಗಿದೆ. ಆರನೇ ಕಿಲೋಮೀಟರಿನಿಂದ ಅವರನ್ನೆಲ್ಲ ಒಬ್ಬೊಬ್ಬರಾಗಿ ಹಿಂದೆ ಹಾಕಿದೆ, ನನ್ನ ಅರ್ಧ ವಯಸ್ಸಿನ ಹುಡುಗರು ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. ಒಂದು ಗಂಟೆ ಹದಿನೆಂಟು ನಿಮಿಷದ ಸುಮಾರಿಗೆ ಮುಗಿಸಿದೆ, ಒಂದು ಹೆಜ್ಜೆಯೂ ನಡೆಯಲಿಲ್ಲ. ಮಾರನೇ ದಿನ ಬೆಳಿಗ್ಗೆ ಪ್ರೆಸ್ ಬಾಗಿಲು ಎಂದಿನ ಹೊತ್ತಿಗೆ ತೆಗೆದೆ.

ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಇದೇ ಕ್ರಮ ನಡೆಯುತ್ತದೆಯೇ ಅಂತ ಈಗ ನೋಡುತ್ತಿದ್ದೇನೆ. ಸಾವಿರ ಮೆಟ್ಟಿಲಿನಲ್ಲಿ ಇನ್ನೂರರೊಳಗೇ ಮಗ್ಗಿ ಕೆಡುತ್ತದೆ, ಬಡಿತ 150 ದಾಟುತ್ತದೆ. ನಂದಿಯವರೆಗೆ ಹತ್ತು ಮೆಟ್ಟಿಲು ಹತ್ತಿ ಹತ್ತು ಎಣಿಸುವವರೆಗೆ ನಿಲ್ಲುವ ಲೆಕ್ಕದಲ್ಲಿ ಸಾಗಿದೆ. ಇಳಿಯುವಾಗ ಮಾತ್ರ ಓಡುವುದಿಲ್ಲ, ನೀವೂ ಓಡಬೇಡಿ, ಮೊಣಕಾಲಿಗೆ ಪೆಟ್ಟು ಬೀಳುವುದು ಇಳಿಜಾರಿನಲ್ಲಿ.

ಬೀದಿನಾಯಿ ಬಗ್ಗೆ ತುಂಬ ಜನ ಕೇಳುತ್ತಾರೆ. ದೂರದಲ್ಲೇ ನಡಿಗೆಗೆ ಇಳಿದುಬಿಡಿ, ಕಣ್ಣು ಕೊಡಬೇಡಿ, ದಾಟಿ ಇಪ್ಪತ್ತು ಹೆಜ್ಜೆ ಆದ ಮೇಲೆ ಮತ್ತೆ ಓಡಿ. ಮಳೆಗಾಲದಲ್ಲಿ ಏರಿಯ ಮಣ್ಣು ಜಾರುತ್ತದೆ, ಆಗ ನಾನು ಪಕ್ಕದ ವಿಶ್ವವಿದ್ಯಾಲಯದ ಆವರಣ, ಮಾನಸಗಂಗೋತ್ರಿ ಒಳಗಿನ ರಸ್ತೆ ಹಿಡಿಯುತ್ತೇನೆ. ಪಾದದ ಕಸರತ್ತು ಕಲಿಯಬೇಕು ಅನ್ನುವವರು ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಕೆರೆಗೆ ಬನ್ನಿ, ತೋರಿಸಿಕೊಡುತ್ತೇನೆ. ಮದುವೆ ಸೀಸನ್ನಿನ ಎರಡು ತಿಂಗಳು ಬಿಟ್ಟು, ಆಗ ನಾನು ಓಡುವುದು ರಾತ್ರಿ ಪ್ರೆಸ್ ಮುಚ್ಚಿದ ಮೇಲೆ.