ಐರ್ಲೆಂಡಿನಲ್ಲಿ ಎಡ ಯಾರು, ಬಲ ಯಾರು: ಮಕ್ಕಳು ಅಲ್ಲಿರುವ ಕೊಡಗಿನವರಿಗೆ

ನನ್ನ ಮಗಳು ಕಾರ್ಕ್ ನಗರದಲ್ಲಿ ನರ್ಸ್. 2024ರ ನವೆಂಬರಿನಲ್ಲಿ ನಾನು ಅವಳ ಮನೆಯಲ್ಲಿದ್ದೆ. ಇಲ್ಲಿ ಸೋಮವಾರಪೇಟೆಯ ತೋಟದಲ್ಲಿ ಅರೇಬಿಕಾ ಕೊಯ್ಲು, ಅಲ್ಲಿ ಚುನಾವಣೆ. ದೀಪದ ಕಂಬಗಳ ಮೇಲೆಲ್ಲ ಅಭ್ಯರ್ಥಿಗಳ ಮುಖ. "ಅಮ್ಮ, ನೀನು ಸಮಾಜ ಪಾಠ ಮಾಡಿದವಳು. ಇವರಲ್ಲಿ ಎಡ ಯಾರು, ಬಲ ಯಾರು ಹೇಳು" ಅಂದಳು. ಉತ್ತರ ಸಿಗಲು ಎರಡು ವಾರ ಹಿಡಿಯಿತು. ನಾನು ಹಿಡಿದ ದಾರಿ ಇದು.

ಮೊದಲು ಎಡ-ಬಲ ಬದಿಗಿಡಿ. ನಮ್ಮಲ್ಲಿ 1952ರ ಚುನಾವಣೆ ನೆನಪಿಸಿಕೊಳ್ಳಿ. ಕೊಡಗು ಆಗ ಬೇರೆ ರಾಜ್ಯ. ಸಿ.ಎಂ. ಪೂಣಚ್ಚ ಅವರ ಕಾಂಗ್ರೆಸ್ ಮೈಸೂರಿನ ಜೊತೆ ವಿಲೀನದ ಪರ, ಪಂದ್ಯಂಡ ಬೆಳ್ಯಪ್ಪ ಅವರ ತಕ್ಕಡಿ ಪಕ್ಷ ವಿರುದ್ಧ. ಅದು ಬಡವ-ಬಲ್ಲಿದರ ಜಗಳ ಆಗಿರಲಿಲ್ಲ, ನಾಡು ಯಾರ ಜೊತೆ ಇರಬೇಕು ಅನ್ನೋದಾಗಿತ್ತು. ನಮ್ಮಲ್ಲಿ 1956ಕ್ಕೆ ಅದು ತೀರ್ಮಾನವಾಯಿತು. ಐರ್ಲೆಂಡಿನಲ್ಲಿ ಅಂಥದೇ ಪ್ರಶ್ನೆಗೆ ರಕ್ತ ಹರಿಯಿತು, ಪಕ್ಷಗಳೂ ಅದರಿಂದಲೇ ಹುಟ್ಟಿದವು.

ಬ್ರಿಟಿಷರ ಜೊತೆ 1921ರ ಡಿಸೆಂಬರಿನಲ್ಲಿ ಒಪ್ಪಂದ ಆಯಿತು. 26 ಕೌಂಟಿಗಳಿಗೆ, ಅಂದರೆ ಅಲ್ಲಿನ ಜಿಲ್ಲೆಗಳಿಗೆ, ಸ್ವಂತ ಆಡಳಿತ. ಆದರೆ ಬ್ರಿಟಿಷ್ ರಾಜನ ಹೆಸರಿನ ಪ್ರಮಾಣವಚನ ಉಳಿಯಿತು, ಉತ್ತರದ 6 ಕೌಂಟಿಗಳು ಬ್ರಿಟನ್ ಕೈಯಲ್ಲೇ ಉಳಿದವು. ಅಲ್ಲಿನ ಸಂಸತ್ತು ಇದನ್ನು ಒಪ್ಪಿದ್ದು 64ಕ್ಕೆ 57 ಮತಗಳಿಂದ. ಆಮೇಲೆ ಜೊತೆಗಾರರೇ ಎದುರು ಬದುರು ನಿಂತರು. ಒಪ್ಪಂದಕ್ಕೆ ಸಹಿ ಹಾಕಿದ್ದ ಮೈಕಲ್ ಕಾಲಿನ್ಸ್ 1922ರ ಆಗಸ್ಟಿನಲ್ಲಿ ಗುಂಡಿಗೆ ಬಲಿಯಾದದ್ದು ಇದೇ ಕಾರ್ಕ್ ಕೌಂಟಿಯಲ್ಲಿ. ಒಪ್ಪಂದದ ಪರ ಇದ್ದವರಿಂದ ಮುಂದೆ ಫಿನ ಗೇಲ್ ಪಕ್ಷ ಬೆಳೆಯಿತು. ವಿರೋಧಿಸಿದವರ ನಾಯಕ ಡಿ ವಲೇರಾ 1926ರಲ್ಲಿ ಫಿಯಾನ ಫಾಲ್ ಪಕ್ಷ ಕಟ್ಟಿದರು. ಎಷ್ಟೋ ಮನೆಗಳಲ್ಲಿ ಅಜ್ಜ ಯಾವ ಕಡೆ ಇದ್ದರೋ ಮೊಮ್ಮಕ್ಕಳ ಮತವೂ ಆ ಕಡೆಗೇ. ಒಕ್ಕದ ಹೆಸರು ಕೇಳಿ ಮನೆತನ ಗುರುತಿಸುವ ನಮಗೆ ಇದು ಬೇಗ ಅರ್ಥ ಆಗುತ್ತದೆ.

ಹಾಗಾದರೆ ಇವೆರಡೂ ಎಲ್ಲಿ ಕೂರುತ್ತವೆ? ನಡುವಿನಿಂದ ಸ್ವಲ್ಪ ಬಲಕ್ಕೆ ಅನ್ನಿ. ಆದರೆ ಒಂದು ಮಾತು, ಟೀಚರ್ ಆಗಿದ್ದ ನನಗೆ ಇದು ಮುಖ್ಯ. 1967ರಲ್ಲಿ ಅಲ್ಲಿ ಪ್ರೌಢಶಾಲೆ ಓದನ್ನು ಉಚಿತ ಮಾಡಿದ್ದು ಫಿಯಾನ ಫಾಲ್ ಸರ್ಕಾರ. ಸಲಿಂಗಿಗಳ ಮದುವೆಗೆ 2015ರಲ್ಲಿ ಜನಮತ ಕೇಳಿದ್ದು ಫಿನ ಗೇಲ್ ಮತ್ತು ಲೇಬರ್ ಪಕ್ಷದ ಸರ್ಕಾರ. ಹಣೆಪಟ್ಟಿ ನೋಡಿ ಪಕ್ಷದ ಕೆಲಸ ಊಹಿಸಬೇಡಿ. ಎರಡೂ ಹಳೆಯ ಶತ್ರುಗಳು 2020ರಲ್ಲಿ ಗ್ರೀನ್ ಪಕ್ಷವನ್ನೂ ಸೇರಿಸಿಕೊಂಡು ಒಟ್ಟಿಗೆ ಸರ್ಕಾರ ಮಾಡಿದವು.

ಶಿನ್ ಫೇನ್ ಅನ್ನೋ ಪಕ್ಷ ಎಡಕ್ಕಿದೆ. ಆದರೆ ಅದರ ಜೀವಾಳ ದ್ವೀಪ ಒಂದಾಗಬೇಕು ಅನ್ನೋದು, ಅದಕ್ಕೇ ಗಡಿಯ ಎರಡೂ ಕಡೆ ಸ್ಪರ್ಧಿಸುತ್ತದೆ. ಲೇಬರ್, ಸೋಶಿಯಲ್ ಡೆಮಾಕ್ರಾಟ್ಸ್ ನಡುವಿನಿಂದ ಎಡಕ್ಕೆ. ಪೀಪಲ್ ಬಿಫೋರ್ ಪ್ರಾಫಿಟ್ ಇನ್ನೂ ಎಡಕ್ಕೆ. ಆಂಟು ಅನ್ನೋ ಪಕ್ಷ ನೋಡಿ: ಗರ್ಭಪಾತವನ್ನು ವಿರೋಧಿಸಿ ಶಿನ್ ಫೇನ್ ಬಿಟ್ಟು ಬಂದ ನಾಯಕ ಅದನ್ನು 2019ರಲ್ಲಿ ಕಟ್ಟಿದರು. ಒಂದೇ ಗೆರೆಯ ಮೇಲೆ ಇವರೆಲ್ಲರನ್ನೂ ಕೂರಿಸಲಾಗದು. ನಾನು ಮೂರು ಗೆರೆ ಹಾಕಿಕೊಂಡೆ: ಮನೆ ಮತ್ತು ತೆರಿಗೆ, ಉತ್ತರದ ಗಡಿ, ಮದುವೆ-ಗರ್ಭಪಾತದಂಥ ವಿಷಯ. ಪಕ್ಷೇತರರೂ ಜಾಸ್ತಿ. ಅವರಲ್ಲಿ ಎಷ್ಟೋ ಜನಕ್ಕೆ ಊರಿನ ರಸ್ತೆ, ಆಸ್ಪತ್ರೆಯೇ ಮೊದಲು.

ನನಗೆ ಕೊನೆಗೂ ಬೆಳಕು ಸಿಕ್ಕಿದ್ದು ಮತ ಎಣಿಕೆಯಲ್ಲಿ. ಅಲ್ಲಿ ಒಬ್ಬರಿಗೆ ಗುರುತು ಒತ್ತಿ ಬರುವುದಲ್ಲ. 1, 2, 3 ಅಂತ ಇಷ್ಟದ ಕ್ರಮ ಬರೀತಾರೆ. ಒಂದು ಕ್ಷೇತ್ರಕ್ಕೆ 3ರಿಂದ 5 ಸ್ಥಾನ. ಗೆಲ್ಲಲು ಬೇಕಾದಷ್ಟು ಮತ ತುಂಬಿದ ಮೇಲೆ ಉಳಿದದ್ದು ಮುಂದಿನ ಹೆಸರಿಗೆ ಹೋಗುತ್ತದೆ. ಮೇಲಿನ ಗದ್ದೆ ತುಂಬಿ ನೀರು ಕೆಳಗಿನ ಗದ್ದೆಗೆ ಇಳಿದ ಹಾಗೆ. ಸೋತು ಹೊರಬಿದ್ದವರ ಮತವೂ ಹಾಗೇ ಹರಿಯುತ್ತದೆ. ಆ ಹರಿವನ್ನು ನೋಡಿ. 2020ರಲ್ಲಿ ಶಿನ್ ಫೇನ್‌ನ ಉಳಿದ ಮತ ಎಷ್ಟೋ ಕಡೆ ಎಡ ಪಕ್ಷಗಳವರನ್ನು ದಡ ಸೇರಿಸಿತು. ಫಿಯಾನ ಫಾಲ್, ಫಿನ ಗೇಲ್ ಮತಗಳು ಈಗ ಪರಸ್ಪರ ಹರಿಯುತ್ತವೆ. ಯಾರು ಯಾರಿಗೆ ಹತ್ತಿರ ಅಂತ ಭಾಷಣಕ್ಕಿಂತ ಇದು ಚೆನ್ನಾಗಿ ಹೇಳುತ್ತದೆ, ಅಲ್ವಾ? 2024ರಲ್ಲಿ ಗೆದ್ದ ಸ್ಥಾನಗಳು: ಫಿಯಾನ ಫಾಲ್ 48, ಶಿನ್ ಫೇನ್ 39, ಫಿನ ಗೇಲ್ 38. ಮತ್ತೆ ಹಳೆಯ ಇಬ್ಬರೇ ಪಕ್ಷೇತರರ ಬೆಂಬಲದಿಂದ ಸರ್ಕಾರ ಮಾಡಿದರು. ಕಾರ್ಕಿನವರೇ ಆದ ಮಿಹಾಲ್ ಮಾರ್ಟಿನ್ ಪ್ರಧಾನಿಯಾದರು.

ಇದೆಲ್ಲ ಸುಮ್ನೆ ತಿಳಿದುಕೊಳ್ಳೋಕೆ ಮಾತ್ರ ಅಲ್ಲ. ಅಲ್ಲಿನ ಪೌರತ್ವ ಇಲ್ಲದಿದ್ದರೂ, ಅಲ್ಲಿ ವಾಸ ಇರುವ 18 ತುಂಬಿದವರು ಸ್ಥಳೀಯ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು. ಪಟ್ಟಿಯಲ್ಲಿ ಹೆಸರಿರಬೇಕು ಅಷ್ಟೇ. ಸಂಸತ್ತಿನ ಮತಕ್ಕೆ ಮಾತ್ರ ನಮ್ಮವರಿಗೆ ಅಲ್ಲಿನ ಪೌರತ್ವ ಬೇಕು. ನಾನು ಊರಿಗೆ ಹೊರಡುವ ಹಿಂದಿನ ರಾತ್ರಿ ಮಗಳು ಪಟ್ಟಿಗೆ ಹೆಸರು ಸೇರಿಸಲು ಅರ್ಜಿ ತುಂಬಿದಳು. ನಿಮ್ಮ ಮಕ್ಕಳಿಗೂ ಇವತ್ತೇ ಫೋನ್ ಮಾಡಿ ಕೇಳಿ, ಹೆಸರು ಸೇರಿಸಿದ್ದಾರಾ ಅಂತ.