ಕೆಂಪು ಮಾರ್ಕರ್ ಹೇಳಿದ ಸತ್ಯ

ಲ್ಯಾಬ್ ಕೆಲಸ ನನ್ನದು. ಸೆಕೆಂಡ್ ಶಿಫ್ಟ್ ಇದ್ದ ದಿನ ಬಸ್ಸಿಳಿದು ಮನೆ ಸೇರುವಾಗ ರಾತ್ರಿ ಹತ್ತು ದಾಟಿರುತ್ತದೆ. ವಯಸ್ಸು 43, ಎಡ ಮಂಡಿ ನೋವು ಬೇರೆ. ನಮ್ಮ ಬೀದಿಯಲ್ಲೇ ಒಬ್ಬರ ಸರ ಕಿತ್ತುಕೊಂಡು ಹೋದ ಮೇಲೆ ನಾನೂ ಆತ್ಮರಕ್ಷಣೆಗೆ ಏನಾದರೂ ಕಲಿಯೋಣ ಅಂತ ಹೊರಟೆ.

ಮೊದಲು ಕರಾಟೆ, ಕ್ಲಾಸು ಮನೆಗೆ ಹತ್ತಿರ ಅನ್ನೋದೊಂದೇ ಕಾರಣ. ಮೂರು ತಿಂಗಳು ಮಕ್ಕಳ ಸಾಲಿನಲ್ಲಿ ನಿಂತು ಗಾಳಿಗೆ ಗುದ್ದಿದೆ, ಕಟಾ ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಹೊಡೆತ-ತಡೆಗಳ ಸಾಲು, ಅದನ್ನೂ ಮಾಡಿದೆ. ಕರಾಟೆಯನ್ನು ದೂರುತ್ತಿಲ್ಲ, ವರ್ಷಗಟ್ಟಲೆ ಮಾಡಿದವರ ಕಥೆಯೇ ಬೇರೆ. ಆದರೆ ಬಸ್ಸಿನಲ್ಲಿ ಹಿಂದಿನಿಂದ ಕೈ ಬಂದರೆ ಏನು ಮಾಡಬೇಕು ಅಂತ ಅಲ್ಲಿ ಯಾರೂ ಹೇಳಲಿಲ್ಲ.

ಆಮೇಲೆ ಒಂದು ಭಾನುವಾರ ಕ್ರಾವ್ ಮಗಾ ಶಿಬಿರ. ಇಸ್ರೇಲ್ ಸೈನ್ಯದಲ್ಲಿ ಬೆಳೆದ ಆತ್ಮರಕ್ಷಣೆಯ ವಿದ್ಯೆ ಅದು. ರಬ್ಬರ್ ಚಾಕು ಕಿತ್ತುಕೊಳ್ಳೋದನ್ನು ಎರಡೇ ಗಂಟೆಯಲ್ಲಿ ಕಲಿಸಿದರು, ನಾನಂತೂ ಹೀರೋಯಿನ್ ಥರ ಮನೆಗೆ ಬಂದೆ. ಮಗನ ಕೈಗೆ ಕೆಂಪು ಮಾರ್ಕರ್ ಕೊಟ್ಟು, 'ಇದೇ ಚಾಕು, ಬಾ, ಬಿಡಬೇಡ' ಅಂದೆ. ಅರ್ಧ ನಿಮಿಷ ಅಷ್ಟೇ. ಹಳೇ ಬಿಳಿ ಕುರ್ತಾ ಮೇಲೆ 11 ಗೀಟು, ಕುತ್ತಿಗೆ ಮೇಲೆ ಇನ್ನೆರಡು. 'ಅಮ್ಮಾ, ಅಲ್ಲಿ ಅವರು ಹೀಗೆ ಕೈ ವಾಪಸ್ ಎಳ್ಕೊಳ್ತಿರಲಿಲ್ವಾ?' ಅಂದ. ಇಲ್ಲ ಮಾರಾಯ, ಅಲ್ಲಿ ಎಲ್ಲರೂ ಒಂದೇ ಸಲ ಚುಚ್ಚಿ, ಚಾಚಿದ ಕೈ ಚಾಚಿಕೊಂಡೇ ಸುಮ್ನೆ ನಿಲ್ಲುತ್ತಿದ್ದರು!

ಅವತ್ತು ರಾತ್ರಿ ಒಂದು ಹಾಳೆ ತಗೊಂಡು, ನನಗೆ ನಿಜಕ್ಕೂ ಏನೇನಾಗಬಹುದು ಅಂತ ಬರೆದೆ. ಬಸ್ಸಿನಲ್ಲಿ ಮೈ ಮುಟ್ಟೋದು, ಯಾರೋ ಕೈ ಹಿಡಿದು ಎಳೆಯೋದು, ಬೈಕಿನವರು ಸರಕ್ಕೆ ಕೈ ಹಾಕೋದು. ಚಾಕು ಪಟ್ಟಿಗೇ ಬರಲಿಲ್ಲ.

ಆ ಹಾಳೆ ಹಿಡಿದು ಮೂರನೇ ಕಡೆ ಹೋದೆ. ಸಣ್ಣದೊಂದು ಹಾಲ್, ಜೂಡೋ ಮೇಷ್ಟ್ರು. ದುಡ್ಡು ಕಟ್ಟುವ ಮೊದಲು ಒಂದು ಕ್ಲಾಸು ಕೂತು ನೋಡ್ತೀನಿ ಅಂದಿದ್ದಕ್ಕೆ ಒಪ್ಪಿದರು. ಹಿಡಿದವರು ನಿಜಕ್ಕೂ ಬಿಗಿಯಾಗಿ ಹಿಡೀತಾರಾ ಅನ್ನೋದನ್ನಷ್ಟೇ ನೋಡಿದೆ. ಹಿಡೀತಿದ್ದರು, 'ಸಾಕು' ಅಂತ ಕೈ ತಟ್ಟಿದರೆ ತಕ್ಷಣ ಬಿಡುತ್ತಿದ್ದರು. ನನ್ನ ಮಂಡಿ ವಿಷಯ ಕೇಳಿ, ಎತ್ತಿ ಒಗೆಯೋದನ್ನೆಲ್ಲ ಬದಿಗಿಟ್ಟು ಒಂದು ತಿಂಗಳು ಬೀಳೋದನ್ನೇ ಕಲಿಸಿದರು: ಗದ್ದ ಎದೆಗೆ ಒತ್ತಿ, ಅಂಗೈ ಮ್ಯಾಟಿಗೆ ಬಡಿ. ಮಣಿಕಟ್ಟು ಹಿಡಿದರೆ ಹಿಡಿದವರ ಹೆಬ್ಬೆರಳಿನ ಕಡೆ ತಿರುಗಿಸಿ ಎಳೆ, ಹಿಡಿತ ಸಡಿಲ ಇರೋದು ಅಲ್ಲೇ. ಜೋರಾಗಿ ಕಿರುಚೋದು ಮಾತ್ರ ಎರಡು ವಾರ ಬರಲೇ ಇಲ್ಲ, ನಾಚಿಕೆ.

ಸರದ ಬಗ್ಗೆ ಕೇಳಿದ್ದಕ್ಕೆ, 'ಬಿಟ್ಬಿಡಿ ಮೇಡಂ, ಬೈಕಿನ ಜೊತೆ ಎಳೆದಾಡಿದರೆ ತಲೆ ರಸ್ತೆಗೆ ಬಡಿಯುತ್ತೆ' ಅಂದರು. ಈಗ ಸೆಕೆಂಡ್ ಶಿಫ್ಟ್ ದಿನ ಸರ ಬೀರುವಿನಲ್ಲೇ. ಮಗ ವಾರಕ್ಕೊಮ್ಮೆ ಕೈ ಹಿಡಿದು ಪರೀಕ್ಷೆ ಮಾಡುತ್ತಾನೆ, ಹತ್ತರಲ್ಲಿ ಆರು ಸಲ ಬಿಡಿಸಿಕೊಳ್ಳುತ್ತೇನೆ. ಎರಡೂ ಕೈಯಲ್ಲಿ ಹಿಡಿದರೆ ಇನ್ನೂ ಆಗಲ್ಲ.