ಸಾಲಿನಾಸ್ ಕಣಿವೆ ಮೇಲೆ ರಾತ್ರಿ ಮೋಡದೊಳಗೆ ಹೋಗಿ ವಾಪಸ್ ಬಂದಿದ್ದು

ಕ್ಯಾಲಿಫೋರ್ನಿಯಾದಲ್ಲಿ ನಾನು ಪ್ರೈವೇಟ್ ಪೈಲಟ್ ಲೈಸೆನ್ಸ್ ತಗೊಂಡು ಎರಡು ವರ್ಷ ಆಗಿತ್ತು, ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದ್ರೆ ಹೊರಗೆ ಏನೂ ಕಾಣ್ದಿದ್ರೂ ಗೇಜ್ ನೋಡ್ಕೊಂಡೇ ಹಾರೋ ಅನುಮತಿ, ಇನ್ನೂ ಇರ್ಲಿಲ್ಲ. ಇಂಡಿಯಾದಲ್ಲಿ ಸಾಮಾನ್ಯವಾಗಿ ಕತ್ತಲಾದ್ಮೇಲೆ ಬರೀ ಕಣ್ಣು ನಂಬ್ಕೊಂಡು ಹಾರೋಕೆ ಬಿಡಲ್ಲ, ಇಲ್ಲಿ ಬಿಡ್ತಾರೆ. ಫೆಬ್ರವರಿ ತಿಂಗಳು, ಬಾಡಿಗೆಗೆ ತಗೊಂಡ ಸೆಸ್ನಾ 172 ಅನ್ನೋ ಪುಟ್ಟ ವಿಮಾನ, ಪಾಸೊ ರೋಬಲ್ಸ್‌ನಿಂದ ಪಾಲೊ ಆಲ್ಟೋಗೆ ವಾಪಸ್ ಹೊರಟಿದ್ವಿ, ಪಕ್ಕದಲ್ಲಿ ನಮ್ಮ ಭಾವ, ಅವರಿಗೆ ಬೆಳಿಗ್ಗೆ ಆಫೀಸು. ಮಳೆಮೋಡ ಮಧ್ಯರಾತ್ರಿ ಮೇಲೆ ಬರತ್ತೆ ಅಂತ ಫೋರ್‌ಕಾಸ್ಟ್ ಇತ್ತು, ಅಷ್ಟೊತ್ತಿಗೆ ಮನೇಲಿರ್ತೀವಿ ಅಂದ್ಕೊಂಡೆ.

ಹಗಲಲ್ಲಾದ್ರೆ ಮೋಡ ದೂರದಿಂದ್ಲೇ ಕಾಣತ್ತೆ. ರಾತ್ರಿ ಮೋಡ ಕಾಣಲ್ಲ, ಮುಂದಿನ ಊರಿನ ದೀಪ ಕಾಣ್ದೇ ಹೋಗತ್ತೆ ಅಷ್ಟೆ. ಸಾಲಿನಾಸ್ ಕಣಿವೆಯ ಕಿಂಗ್ ಸಿಟಿ ದಾಟಿ 4,500 ಅಡಿಲಿದ್ದಾಗ ಮುಂದಿರೋ ಸೊಲೆಡಾಡ್ ಊರಿನ ದೀಪಗಳು ಮಸುಕಾಗಿ ಹೋದ್ವು, ಅವಾಗ್ಲೇ ತಿರುಗ್ಬೇಕಿತ್ತು, ಇನ್ನೊಂದೆರಡು ನಿಮಿಷ ನೋಡೋಣ ಅಂತ ಹೋದೆ. ಆಮೇಲೆ ರೆಕ್ಕೆ ತುದಿಯ ಸ್ಟ್ರೋಬ್ ದೀಪ ಮಿಂಚಿದಾಗೆಲ್ಲ ಸುತ್ತ ಬೆಳ್ಳಗೆ, ಕೆಳಗೆ ಒಂದು ದೀಪಾನೂ ಇಲ್ಲ.

1954ರಲ್ಲಿ ಇಲಿನಾಯ್ ಯೂನಿವರ್ಸಿಟಿಯವರು ಇನ್‌ಸ್ಟ್ರುಮೆಂಟ್ ಟ್ರೈನಿಂಗ್ ಇಲ್ಲದ 20 ಜನ ಪೈಲಟ್‌ಗಳನ್ನ ಹೊರಗಡೆ ಏನೂ ಕಾಣ್ದಂಗೆ ಮಾಡಿ ಟೆಸ್ಟ್ ಮಾಡಿದ್ರು, ಸರಾಸರಿ 178 ಸೆಕೆಂಡಲ್ಲಿ ಎಲ್ಲರೂ ಕಂಟ್ರೋಲ್ ಕಳ್ಕೊಂಡ್ರು. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿ ಮಗ ಕೆನಡಿ ಜೂನಿಯರ್ ತಾನೇ ವಿಮಾನ ಹಾರಿಸ್ತಾ 1999ರ ಜುಲೈನಲ್ಲಿ ಸಮುದ್ರಕ್ಕೆ ಬಿದ್ದಿದ್ದೂ ಹೀಗೇನೇ, ರಾತ್ರಿ, ಮಬ್ಬು, ದಿಕ್ಕು ತಪ್ಪಿದ್ದು. ಆ 178 ನನ್ನ ತಲೇಲಿತ್ತು.

ಲೈಸೆನ್ಸ್‌ಗೆ ಅಂತ ಮೂರು ಗಂಟೆ ಹುಡ್ (ಹೊರಗಡೆ ಕಾಣ್ದಂಗೆ ಕಣ್ಣಿಗೆ ಮರೆ ಮಾಡೋದು) ಹಾಕ್ಕೊಂಡು ಗೇಜ್ ನೋಡಿ ಹಾರೋದು ಕಲಿತಿದ್ದೆ, ಅದನ್ನೇ ಮಾಡ್ದೆ. ಮೊದ್ಲು ರೆಕ್ಕೆ ಲೆವೆಲ್, ಕಣ್ಣು ಆಟಿಟ್ಯೂಡ್ ಇಂಡಿಕೇಟರ್ ಮೇಲೆ, ವಿಮಾನ ನೇರ ಇದ್ಯಾ ವಾಲಿದ್ಯಾ ಅಂತ ತೋರಿಸೋ ಗೇಜ್ ಅದು. ಎಡಕ್ಕೆ ಸಾಂಟಾ ಲೂಸಿಯಾ ಬೆಟ್ಟ, ಅಲ್ಲಿ 5,800 ಅಡಿ ದಾಟೋ ಶಿಖರ ಇದೆ, ಬಲಗಡೆ ಗಬಿಲಾನ್ ಬೆಟ್ಟ ನಮಗಿಂತ ತಗ್ಗು, ಅದಕ್ಕೆ ಬಲಕ್ಕೇ ತಿರುಗಿಸ್ದೆ. ಸೆಕೆಂಡಿಗೆ ಮೂರು ಡಿಗ್ರಿ, ಪೂರ್ತಿ ಹಿಂದಕ್ಕೆ ತಿರುಗೋಕೆ ಒಂದು ನಿಮಿಷ. ನೇರ ಮಾಡಿದ್ಮೇಲೆ ನನ್ನ ಮೈ ಎಡಕ್ಕೆ ವಾಲ್ತಿದೀವಿ ಅಂತ ಖಂಡಿತವಾಗಿ ಹೇಳ್ತಿತ್ತು, ಕಿವಿಯೊಳಗಿನ ದ್ರವ ಮಾಡೋ ಮೋಸ ಅದು, ಕೈ ಬಲಕ್ಕೆ ಎಳಿಬೇಕು ಅಂತಿತ್ತು, ಗೇಜ್ ನೇರ ಅಂತಿತ್ತು, ಗೇಜನ್ನೇ ನಂಬ್ದೆ. ಭಾವ "ಏನಾದ್ರೂ ತೊಂದ್ರೆನಾ?" ಅಂದ್ರು, "ಸ್ವಲ್ಪ ಸುಮ್ನಿರಿ ಭಾವ" ಅಂದೆ. ಆಮೇಲೆ ಕಿಂಗ್ ಸಿಟಿ ದೀಪ ಕಾಣಿಸ್ತು.

ಹೊರಟಿದ್ದ ಪಾಸೊ ರೋಬಲ್ಸ್‌ಗೇ ವಾಪಸ್ ಬಂದ್ವಿ. ಅಲ್ಲಿ ಕಂಟ್ರೋಲ್ ಟವರ್ ಇಲ್ಲ, ರನ್‌ವೇ ದೀಪಾನ ಪೈಲಟ್ಟೇ ವಿಮಾನದ ರೇಡಿಯೋದಿಂದ ಹಾಕ್ಬೇಕು. ರೇಡಿಯೋ ಬಟನ್ ಏಳು ಸಲ ಒತ್ತಿದ ಕೂಡ್ಲೇ ರನ್‌ವೇ ದೀಪ ಝಗ್ ಅಂತ ಹತ್ಕೊಂಡ್ವು, ಅಂಥ ಸಮಾಧಾನ ನನಗೆ ಬೇರೆ ಯಾವತ್ತೂ ಆಗಿಲ್ಲ. ಇಳಿದು ಇಂಜಿನ್ ಆಫ್ ಮಾಡಿದ್ಮೇಲೆ ಕೈ ನಡುಗೋಕೆ ಶುರುವಾಯ್ತು. ಅವತ್ತು ಅಲ್ಲೇ ರೂಮ್ ಮಾಡಿದ್ವಿ, ಭಾವ ಆಫೀಸಿಗೆ ರಜಾ ಹಾಕಿದ್ರು, ರಾತ್ರಿಯಿಡೀ ಮಳೆ ಸುರೀತು.